ಹೆಸರು ಕೊಟ್ಟ ಹುಡುಗಿ

ಸಹಿ ಹಾಕುವುದಿಲ್ಲ ಎಂದು ವಕೀಲ ವಿನೋದ ಬಾಯಿಬಿಟ್ಟು ಹೇಳಲಿಲ್ಲ. ಪೆನ್ನಿನ ಟೋಪಿ ತೆಗೆದರು, ಒಂದು ಕ್ಷಣ ಹಿಡಿದುಕೊಂಡು ಕುಳಿತರು, ಮತ್ತೆ ಟೋಪಿ ಹಾಕಿದರು. ಆಮೇಲೆ ಕಾಗದವನ್ನು ಮೇಜಿನ ಮೇಲೆ ನುಜ್ಹತ್‌ಳ ಕಡೆಗೆ ಮೆಲ್ಲಗೆ ಸರಿಸಿದರು.

"ನೋಡು ಮಾ, ನಿನ್ನ ಮೇಲೆ ನನಗೆ ಏನೂ ಇಲ್ಲ. ಆದ್ರೆ ಇದರಲ್ಲಿ ಎಂತ ಬರೆದಿದೆ ಓದಿದ್ಯಾ? ಈಕೆ ಸನ್ನಡತೆಯವಳು ಅಂತ ನನಗೆ ಖುದ್ದು ಗೊತ್ತು, ಅಂತ. ಕ್ರಿಮಿನಲ್ ಕೇಸಲ್ಲಿ ಶಿಕ್ಷೆ ಆದವರಿಗೆ ನಾನು ಹೀಗೆ ಬರೆದುಕೊಟ್ರೆ ನಾಳೆ ಬಾರ್ ರೂಮಲ್ಲಿ ಮುಖ ಎತ್ತಿ ಕೂರೋದು ಹ್ಯಾಗೆ?"

ನುಜ್ಹತ್ ಕಾಗದವನ್ನು ಮುಟ್ಟಲಿಲ್ಲ.

"ಸರ್, ಆ ಕೇಸಿಗೆ ವಕೀಲರು ನೀವೇ."

"ಹೌದು, ಯಾರು ಇಲ್ಲ ಅಂದ್ರು?"

"ತಪ್ಪು ಒಪ್ಕೊಂಡುಬಿಡು ಅಂತ ಹೇಳಿಕೊಟ್ಟಿದ್ದೂ ನೀವೇ."

"ಹೇಳಿದ್ದೆ. ಆವತ್ತಿಗೆ ಅದೇ ಸರಿ ಇತ್ತು. ಮೊಟ್ಟೆ ರಜಾಕ್ ಸಾಬ್ರ ಮಗಳು ಮುಂದೆ ಲಾ ಓದ್ತಾಳೆ ಅಂತ ನನಗೇನು ಕನಸು ಬಿದ್ದಿತ್ತಾ?" ವಿನೋದ ನಕ್ಕರು. ಪಕ್ಕದಲ್ಲಿ ಕಡತ ಕಟ್ಟುತ್ತಿದ್ದ ಗುಮಾಸ್ತನೂ ನಕ್ಕ. "ಇದೆಲ್ಲ ಹಚ್ಚಿಕೊಳ್ಬೇಡ. ಪದವಿ ಇದೆ, ಕಾನೂನು ಗೊತ್ತಿದೆ. ಎಲ್ಲಾದ್ರೂ ಬ್ಯಾಂಕು, ಸೊಸೈಟಿ ನೋಡು. ಮದುವೆ ವಯಸ್ಸು ಬೇರೆ."

ಅವಳು ಕಾಗದ ಎತ್ತಿಕೊಂಡು ಮೆಟ್ಟಿಲಿಳಿದಳು. ಯಲ್ಲಾಪುರದ ಪೇಟೆಯಲ್ಲಿ ಸಂತೆಯ ದಿನದ ಗಲಾಟೆ. ಅವಳಿಗೆ ಯಾರ ಮುಖವೂ ಕಾಣಲಿಲ್ಲ. ಈ ಮನುಷ್ಯನೇ ಕೈಹಿಡಿದು ಒಂದು ಬಾಗಿಲೊಳಗೆ ಕಳಿಸಿ, ಈಗ ಆ ಬಾಗಿಲಿನಿಂದ ಬಂದವಳು ಎಂದು ಇನ್ನೊಂದು ಬಾಗಿಲು ಹಾಕುತ್ತಿದ್ದಾನೆ. ಅಷ್ಟೇ ಅವಳ ತಲೆಯಲ್ಲಿ ಸುತ್ತುತ್ತಿತ್ತು.

ವಕೀಲರ ಪಟ್ಟಿಗೆ ಹೆಸರು ಸೇರಿಸಲು ಬೆಂಗಳೂರಿನ ವಕೀಲರ ಪರಿಷತ್ತಿಗೆ ಅರ್ಜಿ ಹಾಕಬೇಕು. ಜೊತೆಗೆ, ಈಕೆಯ ನಡತೆ ನಮಗೆ ಗೊತ್ತು ಎಂದು ಇಬ್ಬರು ವಕೀಲರು ಬರೆದುಕೊಡಬೇಕು. ಒಂದನ್ನು ಶಿರಸಿಯ ಕಾನೂನು ಕಾಲೇಜಿನಲ್ಲಿ ಪಾಠ ಮಾಡುವ ವಕೀಲರೊಬ್ಬರು ಕೊಟ್ಟಿದ್ದರು. ಇನ್ನೊಂದು ಹುಟ್ಟಿದ ಊರಿನವರದೇ ಇರಲಿ ಎಂದು ಅವಳು ಆಸೆಪಟ್ಟಿದ್ದಳು. ಆ ಆಸೆಯ ಬಗ್ಗೆಯೇ ಈಗ ಅವಳಿಗೆ ಸಿಟ್ಟು ಬಂತು.

ನುಜ್ಹತ್‌ಳ ಮನೆಯವರದು ಮೊಟ್ಟೆ ವ್ಯಾಪಾರ. ಹುಬ್ಬಳ್ಳಿ ಕಡೆಯಿಂದ ಬರುವ ಮಾಲನ್ನು ಇಳಿಸಿಕೊಂಡು ಊರಿನ ಬೇಕರಿ, ಹೋಟೆಲುಗಳಿಗೂ ಹೆದ್ದಾರಿಯ ಮೇಲಿನ ಕಿರವತ್ತಿಯ ಧಾಬಾಗಳಿಗೂ ಹಂಚುವುದು ಅವಳ ತಂದೆ ಅಬ್ದುಲ್ ರಜಾಕ್ ಕಟ್ಟಿಕೊಂಡ ಬದುಕು. ಹಿಂದಿನ ಸೀಟು ಕಿತ್ತುಹಾಕಿದ ಹಳೆಯ ಓಮ್ನಿ ವ್ಯಾನಿನಲ್ಲಿ ಟ್ರೇಗಳನ್ನು ಒಂದರ ಮೇಲೊಂದು ಇಟ್ಟು, ಅಲುಗದ ಹಾಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಒಯ್ಯುತ್ತಿದ್ದರು. ಚಿಕ್ಕಪ್ಪಂದಿರು, ಮಾವಂದಿರು ಎಲ್ಲರೂ ಲಾರಿ, ಟೆಂಪೊ, ರಿಕ್ಷಾಗಳ ಮೇಲೆ ಹೊಟ್ಟೆ ಹೊರೆಯುವವರು. ಅಂಥ ಬಳಗದಲ್ಲಿ ಡಿಗ್ರಿಯ ಮೆಟ್ಟಿಲು ಹತ್ತಿದವರಲ್ಲಿ, ಗಂಡು ಹೆಣ್ಣು ಸೇರಿದಂತೆ, ನುಜ್ಹತ್ ಮೊದಲನೆಯವಳು.

ಮನೆಯಲ್ಲಿ ಲೈಸೆನ್ಸು ಸರಿಯಾಗಿ ಪಡೆದವಳೂ ಅವಳೊಬ್ಬಳೇ. ಡಿಗ್ರಿ ಓದುವಾಗ, ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದ ಮಾವನ ಬೆನ್ನು ಹತ್ತಿ ಕಾರು ಕಲಿತಳು. ರಸ್ತೆ ಚಿಹ್ನೆಗಳ ಪಟವನ್ನು ಪರೀಕ್ಷೆಗೆ ಓದುವ ಹಾಗೆ ಓದಿದಳು. ಶಿರಸಿಗೆ ಹೋಗಿ ವ್ಯಾನು ಓಡಿಸಿ ತೋರಿಸಿ ಪಾಸಾಗಿ ಬಂದಳು. ಅಣ್ಣ ಆತಿಫ್ ಮೀಸೆ ಮೂಡುವ ಮೊದಲೇ ಓಮ್ನಿ ಓಡಿಸುತ್ತಿದ್ದವನು, ಕಾಗದದ ಗೊಡವೆಗೇ ಹೋದವನಲ್ಲ.

"ಲೈಸೆನ್ಸ್ ಹಾಕಿದ್ರೆ ಗಾಡಿ ಓಡಲ್ಲ ನುಜ್ಜೂ, ಪೆಟ್ರೋಲ್ ಹಾಕ್ಬೇಕು," ಎಂದು ಅವನು ರೇಗಿಸುತ್ತಿದ್ದ.

ಅವಳು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಒಂದು ಸಂಜೆ ಆತಿಫ್ ಕಿರವತ್ತಿಗೆ ಮೊಟ್ಟೆ ಹಾಕಲು ಹೊರಟ. ಕಿರವತ್ತಿ ಇನ್ನೇನು ಬಂತು ಎನ್ನುವಲ್ಲಿ, ಅರಣ್ಯದ ನರ್ಸರಿಯಲ್ಲಿ ಕೂಲಿ ಮುಗಿಸಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಬೈರ ಎಂಬವನಿಗೆ ಹಿಂದಿನಿಂದ ಗುದ್ದಿದ. ಬೈರನ ಕಾಲು ಎರಡು ಕಡೆ ಮುರಿಯಿತು. ವ್ಯಾನು ಗಟಾರಕ್ಕೆ ವಾಲಿ ಟ್ರೇಗಳೆಲ್ಲ ಉರುಳಿ, ಟಾರು ರಸ್ತೆಯ ತುಂಬ ಹಳದಿ ಹರಿಯಿತು. ಧಾಬಾದವರು ಓಡಿ ಬರುವಷ್ಟರಲ್ಲಿ ಆತಿಫ್ ಮರಗಳ ಮರೆಗೆ ಸರಿದಿದ್ದ; ಅವರು ಬೈರನನ್ನು ಲಗೇಜ್ ರಿಕ್ಷಾದಲ್ಲಿ ಮಲಗಿಸಿದರು. ಆತಿಫ್ ತಂದೆಗೆ ಫೋನು ಮಾಡಿದ. ತಂದೆ ವಕೀಲ ವಿನೋದರಿಗೆ ಫೋನು ಮಾಡಿದರು. ವಿನೋದ ಕೇಳಿದ್ದು ಒಂದೇ ಮಾತು: "ಮನೇಲಿ ಯಾರ ಹತ್ರ ಲೈಸೆನ್ಸ್ ಇದೆ?"

ಹೆದ್ದಾರಿಯ ಮೇಲೆ ಬದುಕುವ ಈ ಮನೆಗಳಲ್ಲಿ 'ಹೆಸರು ಕೊಡುವುದು' ಎಂಬ ಪದ್ಧತಿಯೊಂದಿದೆ. ಗಾಡಿ ಯಾರು ಓಡಿಸಿದರು ಎಂಬುದು ಬೇರೆ, ಕೇಸು ಯಾರ ಮೇಲೆ ಎಂಬುದು ಬೇರೆ. ಯಾರ ಕಾಗದ ನೆಟ್ಟಗಿದೆಯೋ, ಯಾರಿಗೆ ಕೇಸಿನಿಂದ ನಷ್ಟ ಕಡಿಮೆಯೋ ಅವರು ಹೆಸರು ಕೊಡುತ್ತಾರೆ. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಬರುತ್ತಾರೆ. ಆವತ್ತು ಮನೆಯಲ್ಲಿ ಬಿರಿಯಾನಿ ಆಗುತ್ತದೆ. 'ಅವನು ಹೆಸರು ಕೊಟ್ಟವನು' ಎನ್ನುವುದು ಅವರಲ್ಲಿ ಮರ್ಯಾದೆಯ ಮಾತು. ಇದರಲ್ಲಿ ಸುಳ್ಳಿದೆ ಎಂದು ಯಾರಿಗೂ ಅನ್ನಿಸಿದ್ದಿಲ್ಲ. ಆದರೆ ಅಲ್ಲಿಯವರೆಗೆ ಹೆಣ್ಣುಮಗಳ ಹೆಸರನ್ನು ಯಾರೂ ಕೇಳಿದ್ದಿಲ್ಲ.

ತಂದೆ ಅವಳನ್ನು ಅಂಗಡಿಯ ಹಿಂದಿನ ಕೋಣೆಗೆ ಕರೆದರು. ಆತಿಫ್ ಗೋಡೆಗೆ ಮುಖ ಮಾಡಿ ಕುಳಿತಿದ್ದ.

"ಬೇಟಿ, ಇವನ ಪಾಸ್‌ಪೋರ್ಟ್ ವೆರಿಫಿಕೇಶನ್ ಇನ್ನೂ ಆಗಿಲ್ಲ. ಶಾರ್ಜಾದಲ್ಲಿ ಕೆಲಸ ಗಟ್ಟಿಯಾಗಿದೆ. ಈಗ ಕೇಸ್ ಬಿದ್ರೆ ಎಲ್ಲ ಮುಗೀತು. ಹೆಣ್ಣು ಅಂದ್ರೆ ಸ್ಟೇಷನ್ನಲ್ಲೂ ಜೋರು ಮಾಡಲ್ಲ, ಕೋರ್ಟಲ್ಲಿ ಸಾಹೇಬ್ರೂ ಕರುಣೆ ತೋರಿಸ್ತಾರೆ. ನೀನು ಹೆಸರು ಕೊಡು. ನಿನಗೇನು, ಎಲ್ಲಿಗೂ ಹೋಗೋದಿಲ್ಲವಲ್ಲ."

ಅವಳು ಕೊಟ್ಟಳು. ಅಣ್ಣನ ಬೆನ್ನು ನಡುಗುತ್ತಿತ್ತು, ತಂದೆ ಎಂದೂ ಅವಳಲ್ಲಿ ಏನನ್ನೂ ಕೇಳಿದವರಲ್ಲ, ಅವಳಿಗಿನ್ನೂ ಇಪ್ಪತ್ತು.

ಕೋರ್ಟಿನ ಕೆಲಸ ಅವಳು ಅಂದುಕೊಂಡದ್ದಕ್ಕಿಂತ ಬೇಗ ಮುಗಿಯಿತು. ಅಜಾಗರೂಕತೆಯಿಂದ ವಾಹನ ಚಲಾಯಿಸಿ ತೀವ್ರ ಗಾಯ ಮಾಡಿದ್ದು ಎಂದು ಓದಿ ಹೇಳಿದರು. ತಪ್ಪು ಒಪ್ಪುತ್ತೀಯಾ ಎಂದು ಕೇಳಿದರು. ಹಿಂದಿನಿಂದ ವಿನೋದ ಮೆಲ್ಲಗೆ, "ಹೌದು ಅನ್ನು," ಎಂದರು. ಅವಳು ಹೌದು ಎಂದಳು. ಎದುರು ಬಂದು ಸಾಕ್ಷಿ ಹೇಳುವವರು ಯಾರೂ ಬೇಕಾಗಲಿಲ್ಲ. ಕಾಲು ಮುರಿದುಕೊಂಡವನೂ ಬೇಕಾಗಲಿಲ್ಲ. ತಂದೆ ದಂಡ ಕಟ್ಟಿದರು, ಆಸ್ಪತ್ರೆಯ ಖರ್ಚನ್ನೂ ಕೊಟ್ಟರು. "ಇದೆಲ್ಲ ಟ್ರಾಫಿಕ್ ಚೀಟಿ ಹರಿದ ಹಾಗೆ. ಎಲ್ಲೂ ಉಳಿಯೋದಿಲ್ಲ," ಎಂದು ವಿನೋದ ಹೇಳಿದರು. ಆತಿಫ್ ಶಾರ್ಜಾಕ್ಕೆ ಹಾರಿದ.

ಅದು ಉಳಿಯುತ್ತದೆ ಎಂದು ನುಜ್ಹತ್‌ಗೆ ಗೊತ್ತಾದದ್ದು ಶಿರಸಿಯ ಕಾನೂನು ತರಗತಿಯಲ್ಲಿ. ದಿನವೂ ಯಲ್ಲಾಪುರದಿಂದ ಬಸ್ಸು ಹಿಡಿದು ಹೋಗಿ ಬಂದು ಓದುತ್ತಿದ್ದಳು. ವಾರಕ್ಕೊಮ್ಮೆ ಸಿದ್ದಾಪುರದಿಂದ ಬಂದು ಪಾಠ ಮಾಡುತ್ತಿದ್ದ ವಕೀಲೆ ವಾಣಿಶ್ರೀ ಒಂದು ಮಧ್ಯಾಹ್ನ, ಯಾರು ವಕೀಲರಾಗುವ ಹಾಗಿಲ್ಲ ಎಂಬುದನ್ನು ವಿವರಿಸಿದರು. ಅಪರಾಧದಲ್ಲಿ ಶಿಕ್ಷೆಯಾದವರು ಎಂಬ ಮಾತು ಕಿವಿಗೆ ಬೀಳುತ್ತಲೇ ಅವಳ ಕೈಯ ಪೆನ್ನು ನಿಂತಿತು. ಮುಂದಿನದು ಏನೂ ಕೇಳಿಸಲಿಲ್ಲ. ಮನೆಗೆ ಬಂದು ಪುಸ್ತಕ ತೆರೆದರೂ ಕಣ್ಣು ಆ ಒಂದು ಮಾತಿನಾಚೆ ಹೋಗಲಿಲ್ಲ. ಎಷ್ಟು ಸಲ ಓದಿದರೂ, ಓದುತ್ತಿರುವುದು ಪುಸ್ತಕವನ್ನೋ ತನ್ನ ತೀರ್ಪನ್ನೋ ತಿಳಿಯಲಿಲ್ಲ. ಆದರೂ ಓದು ಬಿಡಲಿಲ್ಲ. ಹಟಕ್ಕೆ ಓದಿದಳು, ಒಳ್ಳೆಯ ಅಂಕ ತೆಗೆದಳು.

ಅರ್ಜಿ ತುಂಬುವ ಕಾಲಕ್ಕೆ ಊರೆಲ್ಲ ಬುದ್ಧಿ ಹೇಳಲು ಬಂತು. ಯಾವುದಾದರೂ ಅಪರಾಧದಲ್ಲಿ ಶಿಕ್ಷೆಯಾಗಿದೆಯೇ ಎಂಬ ಪ್ರಶ್ನೆ ಅದರಲ್ಲಿತ್ತು. ಝೆರಾಕ್ಸ್ ಅಂಗಡಿಯ ದರ್ಶನ, "ಇಲ್ಲ ಅಂತ ಬರೀರಿ ಅಕ್ಕಾ, ಎಲ್ರೂ ಹಂಗೇ ಬರೀತಾರೆ. ಬೆಂಗ್ಳೂರಿಂದ ಇಲ್ಲಿಗೆ ಯಾರು ನೋಡೋಕೆ ಬರ್ತಾರೆ?" ಎಂದ. ತಂದೆಯೂ ಅದನ್ನೇ ಹೇಳಿದರು. ನುಜ್ಹತ್ 'ಹೌದು' ಎಂದು ಬರೆದಳು. ಬರೆದ ಮಾರನೆಯ ದಿನವೇ ವಿನೋದರ ಕಚೇರಿಯಲ್ಲಿ ಆ ಪೆನ್ನಿನ ಟೋಪಿಯ ಆಟ ನಡೆದದ್ದು.

ಸಿದ್ದಾಪುರದ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ, ಔಷಧಿ ಅಂಗಡಿಯ ಮೇಲೆ ವಾಣಿಶ್ರೀ ಅವರ ಕಚೇರಿ. ನುಜ್ಹತ್ ಹೋದಾಗ ಅವರು ತಮ್ಮ ಹವ್ಯಕ ಮಾತಿನಲ್ಲಿ ಮನೆಗೆ ಫೋನು ಮಾಡುತ್ತಿದ್ದರು. "ಆನು ಬಪ್ಪದು ತಡ ಆಗ್ತು. ನಿಂಗ ಊಟ ಮಾಡ್ಬಿಡಿ." ಫೋನು ಇಟ್ಟು ಕಾಗದ ನೋಡಿದರು.

"ಎಂತಕ್ಕೆ ಮಾರಾಯ್ತಿ ಮುಖ ಹೀಗೆ ಮಾಡ್ಕೊಂಡಿದ್ದೆ? ಇದೊಂದು ಅಡ್ಡಿಯೇ ಅಲ್ಲ. ನೀನು ಕ್ಲಾಸಲ್ಲಿ ಅರ್ಧ ಕೇಳಿ ಅರ್ಧ ಬಿಟ್ಟಿದ್ದೆ ಅನ್ಸ್ತದೆ. ಎಲ್ಲ ಶಿಕ್ಷೆಯೂ ಅಡ್ಡ ಬರೋದಿಲ್ಲ. ನೈತಿಕವಾಗಿ ಕೆಳಗೆ ಬಿದ್ದಿದ್ದಾರೆ ಅನ್ನೋ ಥರದ ಅಪರಾಧ ಇರಬೇಕು. ಮೋಸ, ಕಳ್ಳತನ, ಅಂಥದ್ದು. ಅಂಥದ್ದರಲ್ಲೂ ಬಿಡುಗಡೆ ಆಗಿ ಎರಡು ವರ್ಷ ಆಯ್ತು ಅಂದ್ರೆ ಆ ಅಡ್ಡಿ ಹೋಗ್ತದೆ. ಗಾಡಿ ಗುದ್ದಿದ್ದು ಆ ಸಾಲಿಗೆ ಸೇರೋದಿಲ್ಲ. ಮುಚ್ಚಿಟ್ರೆ ಮಾತ್ರ ತಪ್ಪು. ನೀನು ಮುಚ್ಚಿಟ್ಟಿಲ್ಲ."

ಅಷ್ಟು ವರ್ಷ ನುಜ್ಹತ್‌ಳ ಎದೆಯ ಮೇಲಿದ್ದ ಕಲ್ಲನ್ನು ಈಕೆ ಹುಣಸೆ ಬೀಜದ ಹಾಗೆ ಎತ್ತಿ ಪಕ್ಕಕ್ಕಿಟ್ಟಿದ್ದರು. ವಾಣಿಶ್ರೀ ಪೆನ್ನು ತೆಗೆದುಕೊಂಡರು.

"ಸಹಿ ಹಾಕೋದು ನಾನು, ಅದಕ್ಕೆ ಒಂದು ಕೇಳ್ಬೇಕು. ಹ್ಯಾಗೆ ಆಯ್ತು ಅದು? ಜೋರಾಗಿ ಹೋಗ್ತಿದ್ಯಾ?"

ಸ್ಟೇಷನ್ನಿನಲ್ಲಿ, ಕೋರ್ಟಿನಲ್ಲಿ, ಮನೆಯಲ್ಲಿ, ಎಲ್ಲಿಯೂ ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಆಗ ಎಲ್ಲರಿಗೂ ಬೇಕಾಗಿದ್ದುದು ಒಂದು 'ಹೌದು'. ಅವಳಿಗೆ ತಡೆಯಲಾಗಲಿಲ್ಲ.

"ನಾನು ಗಾಡಿಯಲ್ಲೇ ಇರಲಿಲ್ಲ ಮೇಡಂ," ಎಂದಳು. ಮತ್ತೆ ಎಲ್ಲವನ್ನೂ ಹೇಳಿದಳು.

ವಾಣಿಶ್ರೀ ಪೆನ್ನು ಕೆಳಗಿಟ್ಟರು.

"ಈಗ ಕಷ್ಟ ಆಯ್ತು. ಗಾಡಿ ಗುದ್ದಿದವಳಿಗೆ ನಾನು ಸಹಿ ಹಾಕ್ತಿದ್ದೆ. ಕೋರ್ಟಿಗೆ ಸುಳ್ಳು ಹೇಳಿದವಳಿಗೆ ಹ್ಯಾಗೆ ಹಾಕಲಿ?"

"ನಾನು ಹೇಳದೇ ಇದ್ದಿದ್ರೆ ಹಾಕ್ತಿದ್ರಿ."

"ಹಾಕ್ತಿದ್ದೆ."

"ಅಂದ್ರೆ ಸುಳ್ಳಿನ ಮೇಲೇ ನಿಂತಿದ್ರೆ ನಾನು ಸನ್ನಡತೆಯವಳು. ನಿಜ ಹೇಳಿದ ತಕ್ಷಣ ಅಲ್ಲ. ಇದೇನಾ ಮೇಡಂ ನೀವು ನಮಗೆ ಮೂರು ವರ್ಷ ಕಲಿಸಿದ್ದು?"

ಅವಳ ಧ್ವನಿ ಕೆಳಗಿನ ಔಷಧಿ ಅಂಗಡಿಗೆ ಕೇಳಿಸುವಷ್ಟು ಏರಿತ್ತು. ವಾಣಿಶ್ರೀ ಬೇಸರ ಮಾಡಿಕೊಳ್ಳಲಿಲ್ಲ.

"ಸಿಟ್ಟು ಮಾಡು, ತೊಂದರೆ ಇಲ್ಲ. ಎರಡು ದಾರಿ ಇದೆ. ಒಂದು, ಏನೂ ಗೊತ್ತಿಲ್ಲದ ಇನ್ನೊಬ್ರ ಹತ್ರ ಸಹಿ ಹಾಕ್ಸು. ನಾನು ಬಾಯಿ ಬಿಡೋದಿಲ್ಲ. ನೀನು ಮುಂದಿನ ತಿಂಗಳೇ ವಕೀಲೆ ಆಗ್ತೆ. ಇನ್ನೊಂದು, ನಡೆದದ್ದನ್ನ ಬರೆದು ಅರ್ಜಿ ಜೊತೆಗಿಡು. ಆಗ ನಾನು ಸಹಿ ಹಾಕ್ತೆ. ಆದ್ರೆ ಅವರು ಒಪ್ಪಿದ್ರೆ ಒಪ್ಪಿದ್ರು, ಇಲ್ಲದಿದ್ರೆ ವರ್ಷಗಟ್ಟಲೆ ಕೂತಿರಬೇಕು. ನಿನ್ನ ಅಣ್ಣ, ಅಪ್ಪ ಇಬ್ರೂ ಸಿಕ್ಕಿಹಾಕ್ಕೊಳ್ತಾರೆ. ಅದನ್ನೂ ತಿಳ್ಕೊಂಡಿರು."

ಮನೆಗೆ ಬಂದವಳು ಎರಡೂ ದಾರಿಗಳನ್ನು ತೂಗಿ ನೋಡಿದಳು. ಮೊದಲನೆಯ ದಾರಿಯೇ ಸಲೀಸು. ಶಿರಸಿಯಲ್ಲಿ ಸಹಿ ಹಾಕುವ ವಕೀಲರು ಬೇಕಾದಷ್ಟು ಜನ ಸಿಗುತ್ತಾರೆ. ತಾನು ಯಾರಿಗೂ ಕೆಡುಕು ಮಾಡಿದವಳಲ್ಲ, ಆದದ್ದೆಲ್ಲ ತನಗೇ ಆದ ಅನ್ಯಾಯ, ಅದನ್ನು ತಾನೇ ನುಂಗಿಕೊಂಡರೆ ಮುಗಿಯಿತು ಎಂದು ಲೆಕ್ಕ ಹಾಕಿದಳು. ಆದರೂ ಒಂದು ಮುಖ ನೋಡುವುದು ಬಾಕಿ ಇತ್ತು. ಭಾನುವಾರ ಹುಬ್ಬಳ್ಳಿಯ ಬಸ್ಸು ಹತ್ತಿ ಕಿರವತ್ತಿಯಲ್ಲಿ ಇಳಿದಳು.

ಬೈರ ಧಾಬಾವೊಂದರ ಹಿತ್ತಲಲ್ಲಿ ಮಣೆಯ ಮೇಲೆ ಕುಳಿತು ಈರುಳ್ಳಿ ಸುಲಿಯುತ್ತಿದ್ದ. ಐವತ್ತು ದಾಟಿದ ಗಟ್ಟಿ ಆಳು. ಒಂದು ಕಾಲನ್ನು ಮಡಚದೆ ನೇರ ಚಾಚಿದ್ದ.

"ಯಾರವ್ವಾ ನೀನು?"

"ಯಲ್ಲಾಪುರದ ಮೊಟ್ಟೆ ರಜಾಕ್ ಸಾಬ್ರ ಮಗಳು."

ಸುಲಿಯುವ ಕೈ ನಿಂತಿತು. "ಓಹೋ. ನನ್ನ ಕಾಲ ಮ್ಯಾಲೆ ಗಾಡಿ ಹಾಯಿಸಿದಾಕಿ ನೀನೇ ಏನು? ಇವತ್ತ ನೋಡಿದೆ ನೋಡವ್ವಾ ನಿನ್ನ ಮಾರಿ."

ಅವಳು ಅಲ್ಲೇ ಇದ್ದ ಡಬ್ಬದ ಮೇಲೆ ಕುಳಿತಳು. "ಓಡಿಸಿದ್ದು ನಾನಲ್ಲ ಅಂತ ನಿಮಗೆ ಗೊತ್ತು."

"ನನಗ ಗೊತ್ತೈತಿ. ಹುಡುಗ ಇದ್ದ. ಕಿವಿಗೆ ಫೋನ್ ಹಚ್ಚಿದ್ದ. ನಾ ಬಿದ್ದು ಒದ್ದಾಡೂಮುಂದ ಇಳದ ಬಂದ ನೋಡಿದ, ಆವಾಗೂ ಕೈಯಾಗ ಫೋನ್ ಇತ್ತು." ಬೈರ ಮತ್ತೆ ಈರುಳ್ಳಿ ಕೈಗೆತ್ತಿಕೊಂಡ. "ಹುಬ್ಬಳ್ಳಿ ದವಾಖಾನಿಂದ ಬಂದು ಊರಾಗ ಹೇಳಿದೆ. 'ಆ ಹುಡುಗಿ ಕೋರ್ಟಿನಾಗ ನಾನೇ ಅಂತ ಒಪ್ಪಿಕೊಂಡಾಳ, ಇಂವ ನೋಡಿದರ ಹುಡುಗ ಅಂತಾನ, ಕುಡದ ಬಿದ್ದಿರಬೇಕು ಮಗ' ಅಂದ್ರು. ನಾ ಹೆಂಡದ ವಾಸನಿ ಕಂಡಾಂವ ಅಲ್ಲವ್ವಾ. ನಮ್ಮ ಮನಿದೇವರಿಗೆ ಆಗೂದಿಲ್ಲ. ಆದರ ನನ್ನ ಮಾತು ಯಾರು ಕೇಳ್ತಾರ? ಕುಡಕರಿಗೆ ಕೆಲಸ ಇಲ್ಲ ಅಂತ ನರ್ಸರಿ ಮೇಸ್ತ್ರಿ ಹೊರಗ ಹಾಕಿದ. ಈಗ ಸಣ್ಣ ಹುಡುಗರೂ ಕುಡಕ ಬೈರ ಅಂತಾವ."

"ಊರವರು ಹಾಗೆ ಯಾಕೆ ಅಂದ್ರು?"

"ಊರವರು ಯಾಕ ಅಂತಾರ? ಮೊದಲ ಹೇಳಿದಾಂವ ನಿಮ್ಮಪ್ಪ. ಇಲ್ಲೇ, ಇದೇ ಧಾಬಾದಾಗ ಮೊಟ್ಟಿ ಇಳಸ್ಕೋತ ಹೇಳಿದ. ಪಾಪ, ದವಾಖಾನಿ ಖರ್ಚು ಕೊಟ್ಟಾನ, ನಾ ಏನೂ ಅನಲಿಲ್ಲ." ಅವಳ ಕಡೆ ತಿರುಗಿದ. "ಅದಿರಲಿ, ಈಗ ಯಾಕ ಬಂದಿ?"

"ವಕೀಲಳಾಗೋಕೆ ಅರ್ಜಿ ಹಾಕ್ತಿದ್ದೇನೆ. ಆ ಕೇಸು..."

ಬೈರ ತಲೆಯೆತ್ತಿ ಗಟ್ಟಿಯಾಗಿ ನಕ್ಕ. "ಛಲೋ ಆತು. ಸುಳ್ಳ ಹೇಳೂದು ಮೊದಲೇ ಕಲತ ಹೋಗಾಕತ್ತಿ."

ಮರಳಿ ಬರುವಾಗ ಬಸ್ಸಿನಲ್ಲಿ ಅವಳ ಕಿವಿಯಲ್ಲಿ ಆ ನಗುವೇ ಇತ್ತು. ತನಗೆ ಅನ್ಯಾಯವಾಯಿತೆಂದು ತಾನು ಉರಿಯುತ್ತ ಕುಳಿತಿದ್ದಾಗ, ತಾನು ಹೇಳಿದ ಒಂದು 'ಹೌದು' ಇಲ್ಲಿ ಒಬ್ಬ ಮನುಷ್ಯನ ಕೂಲಿಯನ್ನೂ ಮಾತನ್ನೂ ತಿಂದುಹಾಕಿತ್ತು. ಅವಳಿಗೆ ತಂದೆಯ ಮೇಲೆ, ಅಣ್ಣನ ಮೇಲೆ, ವಿನೋದರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಬಿರಿಯಾನಿ ಮಾಡಿ ಸುಳ್ಳನ್ನು ಸಂಭ್ರಮಿಸುವ ಆ ಪದ್ಧತಿಯ ಮೇಲೆ ಮೈ ಉರಿಯಿತು.

ಅಂಗಡಿಯಲ್ಲಿ ತಂದೆ ಒಡೆದ ಮೊಟ್ಟೆ ಆರಿಸುತ್ತಿದ್ದರು.

"ಅಬ್ಬಾ, ಬೈರ ಕುಡಿದಿದ್ದ ಅಂತ ನೀವು ಹೇಳಿದ್ರಾ?"

"ಕಿರವತ್ತಿಗೆ ಹೋಗಿದ್ಯಾ? ಯಾರು ಹೋಗು ಅಂದ್ರು?"

"ಹೇಳಿದ್ರಾ, ಇಲ್ವಾ?"

"ವ್ಯಾಪಾರದ ಜಾಗ ಅದು. ದಿನಾ ಹೋಗೋ ಜಾಗ. ಬಾಯಿ ಮುಚ್ಚಿಸಬೇಕಿತ್ತು, ಒಂದು ಮಾತು ಅಂದೆ. ಅವನ ಆಸ್ಪತ್ರೆಗೆ ನಾನು ಕೊಟ್ಟಿಲ್ವಾ?"

"ಕಾಲಿಗೆ ಕೊಟ್ರಿ. ಹೆಸರು ಹಾಳು ಮಾಡಿದ್ದಕ್ಕೆ ಏನು ಕೊಟ್ರಿ?"

ಅಬ್ದುಲ್ ರಜಾಕ್ ಕೈಯಲ್ಲಿದ್ದ ಟ್ರೇಯನ್ನು ಕೆಳಗಿಟ್ಟರು. "ನೀನು ಓದಿದ್ದು ಮನೆಯವರನ್ನ ಜೈಲಿಗೆ ಹಾಕೋದಕ್ಕಾ?"

"ನನ್ನನ್ನ ಕಟಕಟೆಗೆ ಹತ್ತಿಸೋಕೆ ನಿಮಗೆ ಓದು ಬೇಕಾಗಿರಲಿಲ್ಲ ಅಬ್ಬಾ."

ಅಷ್ಟು ಒರಟಾಗಿ ಅವಳು ತಂದೆಯೊಡನೆ ಎಂದೂ ಮಾತಾಡಿದ್ದಿಲ್ಲ. ಒಳಗಿನಿಂದ ತಾಯಿ ನಜೀಮಾ ಬಾಗಿಲ ಪರದೆಯ ತನಕ ಬಂದು ಹಿಂದಿರುಗಿದರು.

ನುಜ್ಹತ್ ನಡೆದದ್ದನ್ನು ಬರೆದಳು. ತಾನು ಗಾಡಿಯಲ್ಲಿರಲಿಲ್ಲ, ಇದ್ದವನು ಅಣ್ಣ, ತಾನು ಕೋರ್ಟಿನಲ್ಲಿ ಹೇಳಿದ್ದು ಸುಳ್ಳು. ಇಪ್ಪತ್ತು ವರ್ಷದ ಹುಡುಗಿ, ಮನೆಯವರ ಒತ್ತಾಯ ಎಂದು ಸೇರಿಸಬಹುದಿತ್ತು. ಸೇರಿಸಿ, ಓದಿ ನೋಡಿ, ಹೊಡೆದುಹಾಕಿದಳು. ಬೈರ ಮೊದಲಿನಿಂದಲೂ ನಿಜವನ್ನೇ ಹೇಳುತ್ತಿದ್ದ ಎಂದು ಒಂದು ಸಾಲು ಹೆಚ್ಚು ಬರೆದಳು. ಸಿದ್ದಾಪುರದಲ್ಲಿ ವಾಣಿಶ್ರೀ ಅದನ್ನು ಎರಡು ಸಲ ಓದಿ ಸಹಿ ಹಾಕಿದರು. "ಇನ್ನು ಅವರು ಎಂತ ಹೇಳ್ತಾರೆ ನೋಡ್ವ," ಎಂದರು.

ಜೊತೆಗೆ ಓದಿದವರೆಲ್ಲ ಕಪ್ಪು ಕೋಟು ಹಾಕಿ ಫೋಟೊ ಕಳಿಸಿದರು. ಅವಳ ಅರ್ಜಿ ಅಲ್ಲೇ ನಿಂತಿತು. ಮಳೆಗಾಲ ಶುರುವಾಗುವ ಮೊದಲು ಪರಿಷತ್ತು ಅವಳ ಹೇಳಿಕೆಯ ಬಗ್ಗೆ ಪೊಲೀಸರ ವರದಿ ಕೇಳಿತು. ಒಂದು ಬೆಳಿಗ್ಗೆ ಪೇದೆ ಉಲ್ಲಾಸ ಅಂಗಡಿಗೆ ಬಂದರು. ಅಂಗಡಿಯ ಹಿಂಭಾಗವೇ ಮನೆ. ನುಜ್ಹತ್ ಗಲ್ಲಾಪೆಟ್ಟಿಗೆಯ ಪಕ್ಕ ನಿಂತಿದ್ದಳು.

"ರಜಾಕ್ ಸಾಬ್ರೇ, ನಿಮ್ಮ ಮಗಳು ಹೀಗೆ ಬರ್ಕೊಟ್ಟಿದ್ದಾಳೆ. ನೀವು ಎಂತ ಹೇಳ್ತೀರಿ ಹೇಳಿ, ಅದನ್ನ ಬರ್ಕೊಂಡು ಹೋಗ್ತೆ. ಇದು ಸುಳ್ಳು ಅಂದ್ರೆ ಮಾತ್ರ, ಹುಡುಗಿ ಪರಿಷತ್ತಿಗೇ ಸುಳ್ಳು ಹೇಳಿದ್ಳು ಅಂತ ಆಗ್ತದೆ. ಮತ್ತೆ ಅವಳು ಆ ಕೋಟಿನ ಆಸೆ ಬಿಟ್ಟ ಹಾಗೆ."

ಅಬ್ದುಲ್ ರಜಾಕ್ ಮಗಳನ್ನು ನೋಡಲಿಲ್ಲ. ಅವಳು ಅವರನ್ನೇ ನೋಡುತ್ತಿದ್ದಳು. ಹೇಳಿ ಎಂದು ಬೇಡಿಕೊಳ್ಳುವುದಿಲ್ಲ ಎಂದು ನಿಶ್ಚಯಿಸಿಕೊಂಡಿದ್ದಳು.

"ಕೋರ್ಟಲ್ಲಿ ಏನಾಗಿದೆಯೋ ಅದೇ," ಎಂದರು ಅಬ್ದುಲ್ ರಜಾಕ್. "ಅವಳೇ ಒಪ್ಕೊಂಡಿದ್ದಾಳಲ್ಲ. ನಾನು ಬೇರೆ ಏನು ಹೇಳಲಿ?"

ಉಲ್ಲಾಸ ಬರೆಯಲು ತಲೆ ಬಗ್ಗಿಸಿದರು. ಪರದೆಯ ಹಿಂದಿನಿಂದ ನಜೀಮಾರ ಧ್ವನಿ ಬಂತು. ಅಂಗಡಿಗೆ ಬಂದ ಪರಗಂಡಸರ ಎದುರು ಆಕೆ ಮಾತಾಡಿದ್ದನ್ನು ಆ ಬೀದಿಯಲ್ಲಿ ಯಾರೂ ಕೇಳಿದವರಿಲ್ಲ.

"ಓಡಿಸಿದ್ದು ಆತಿಫ್."

"ನಜೀಮಾ, ಒಳಗೆ ಹೋಗು."

"ಒಳಗೇ ಇದ್ದೇನಲ್ಲ. ಇಲ್ಲಿಂದಲೇ ಹೇಳ್ತೇನೆ. ಗಾಡಿ ಕೀಲಿ ಮೊಳೆಗೆ ಹಾಕಿತ್ತು. ಆತಿಫ್ ಕೇಳಿದ, ನಾನೇ ತೆಗೆದು ಕೊಟ್ಟೆ. ಲೈಸೆನ್ಸ್ ಇಲ್ಲ ಅಂತ ಗೊತ್ತಿದ್ದೇ ಕೊಟ್ಟೆ. ಅವನು ಹೊರಟಾಗ ನುಜ್ಹತ್ ಇಲ್ಲೇ ಕೂತು ಓದ್ತಿದ್ಳು. ನಾನು ಅವಳಿಗೆ ಚಾ ಕೊಟ್ಟಿದ್ದೆ."

ಉಲ್ಲಾಸ ಪೆನ್ನು ಎತ್ತಿದರು. "ಅಮ್ಮಾ, ಯೋಚ್ನೆ ಮಾಡಿ ಹೇಳಿ. ಇದನ್ನ ಬರ್ಕೊಂಡ್ರೆ ಮಗನ ಮೇಲೆ ಬರಬಹುದು. ಸಾಬ್ರ ಮೇಲೂ ಬರಬಹುದು."

"ಮಗಳ ಮೇಲೆ ಬಂದಾಗ ಯೋಚ್ನೆ ಮಾಡು ಅಂತ ಯಾರೂ ಹೇಳ್ಲಿಲ್ಲ ನನಗೆ," ಎಂದರು ನಜೀಮಾ. "ಬರ್ಕೊ ಅಣ್ಣಾ. ಕಾಗದ ಇತ್ತ ಕೊಡು, ಎಲ್ಲಿ ಸಹಿ ಹಾಕೋದು?"

ಪರದೆಯ ಅಂಚಿನಿಂದ ಹೊರಬಂದ ಕೈಗೆ ನುಜ್ಹತ್ ಪೆನ್ನು ಕೊಟ್ಟಳು. ಅಬ್ದುಲ್ ರಜಾಕ್ ಚಪ್ಪಲಿ ಮೆಟ್ಟಿ ಬೀದಿಗಿಳಿದರು, ಮಧ್ಯಾಹ್ನದ ತನಕ ಬರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಪರಿಷತ್ತಿನವರು ಅವಳನ್ನು ಬೆಂಗಳೂರಿಗೆ ಕರೆಸಿ ಕೇಳಿದರು. ಅವಳು ಬರೆದದ್ದನ್ನೇ ಹೇಳಿದಳು. ದಾಖಲೆಯಲ್ಲಿರುವ ಶಿಕ್ಷೆ ಅಡ್ಡಿಯಲ್ಲ, ಕೋರ್ಟಿಗೆ ಹೇಳಿದ ಸುಳ್ಳನ್ನು ಯಾರೂ ಕೇಳದಿದ್ದಾಗಲೂ ತಾನಾಗಿ ಬಿಚ್ಚಿಟ್ಟಿದ್ದಾಳೆ ಎಂದರು; ಅದನ್ನು ಸರಿಪಡಿಸಲು ಕೋರ್ಟಿಗೇ ಹೋಗಬೇಕು ಎಂದು ಎಚ್ಚರಿಸಿ, ಮುಂದಿನ ತಂಡದಲ್ಲಿ ಅವಳ ಹೆಸರನ್ನು ಸೇರಿಸಿದರು. ಕಪ್ಪು ಕೋಟನ್ನು ನಜೀಮಾ ಹೊಲಿಸಿಕೊಟ್ಟರು. ಆತಿಫ್ ಮನೆಗೆ ಫೋನು ಮಾಡುವುದನ್ನು ನಿಲ್ಲಿಸಿದ. ತಂದೆ ಊಟಕ್ಕೆ ಕುಳಿತಾಗ ಅವಳ ತಟ್ಟೆಯ ಕಡೆ ನೋಡುವುದಿಲ್ಲ. ಗೆದ್ದೆ ಎಂದು ಅವಳಿಗೆ ಅನ್ನಿಸಲಿಲ್ಲ. ಯಾರಾದರೂ ಒಬ್ಬರು ಮೊದಲ ದಿನವೇ ಒಂದು ಪ್ರಶ್ನೆ ಕೇಳಿದ್ದರೆ ಇದ್ಯಾವುದೂ ಬೇಕಾಗಿರಲಿಲ್ಲ ಎಂಬ ಸಿಟ್ಟು ಕೋಟು ಹಾಕಿಕೊಂಡ ಮೇಲೂ ಇಳಿಯಲಿಲ್ಲ.

ಆ ಹಳೆಯ ತೀರ್ಪನ್ನು ರದ್ದು ಮಾಡಿಸುವ ಅರ್ಜಿಯೇ ಅವಳು ವಾಣಿಶ್ರೀ ಅವರ ಕಚೇರಿಯಲ್ಲಿ ಕುಳಿತು ಬರೆದ ಮೊದಲ ಅರ್ಜಿ. ಅದಕ್ಕೆ ಬೈರನ ಪ್ರಮಾಣಪತ್ರ ಬೇಕಿತ್ತು. ಕಿರವತ್ತಿಯ ಧಾಬಾದ ಹಿತ್ತಲಲ್ಲಿ ಕುಳಿತು, ಅವನು ಹೇಳಿದ್ದನ್ನೆಲ್ಲ ಬರೆದುಕೊಂಡು ಗಟ್ಟಿಯಾಗಿ ಓದಿದಳು. ಸಂಜೆ, ಸೈಕಲ್, ವ್ಯಾನು, ಮುರಿದ ಕಾಲು. ಬೈರ ಕಣ್ಣು ಮುಚ್ಚಿ ಕೇಳಿದ.

"ಏನಾದರೂ ಬಿಟ್ಟಿದೆಯಾ?" ಎಂದು ಅವಳು ಕೇಳಿದಳು.

"ಕಾಲಿನ ಸುದ್ದಿ ಆಮ್ಯಾಲೆ ಬರಿ ವಕೀಲವ್ವಾ," ಎಂದ ಬೈರ. "ಮೊದಲ ನಾ ಕುಡಿಯೂದಿಲ್ಲ ಅಂತ ಬರಿ."